ಹಳೇ ಗುಳ, ಹೊಸ ಎತ್ತು



ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ ಶಿವರಾತ್ರಿಗೆ ಶುರುವಾದ ಜಾತ್ರೆ ಯುಗಾದಿಯವರೆಗೂ ನಡೆಯುತ್ತದೆ. ಕಾವೇರಿ ದಂಡೆಯಲ್ಲಿರುವ ಗದ್ದುಗೆಗಳ ಮುಂದೆ ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ ಕಥೆ ಹಾಡುವಾಗ ಜನ ಕಾದು ಕೂತು ಕೇಳುವ ಭಾಗ ಒಂದಿದೆ. ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ ಮನೆಮಾರು ಬಿಟ್ಟು ಸಿದ್ಧಪ್ಪಾಜಿಯಾಗುತ್ತಾನೆ. ಗುರು ಮಂಟೇಸ್ವಾಮಿಯ ಅಪ್ಪಣೆಯಂತೆ ಹಲಗೂರಿಗೆ ಹೋಗಿ ಪಾಂಚಾಳರ ಮುಂದೆ ಭಿಕ್ಷೆಗೆ ನಿಲ್ಲುತ್ತಾನೆ. ಅವನು ಕೇಳುವುದು ರಾಗಿಯನ್ನೂ ಅಲ್ಲ, ಭತ್ತವನ್ನೂ ಅಲ್ಲ. ಕಬ್ಬಿಣ ಭಿಕ್ಷೆ ಕೊಡಿ ಅನ್ನುತ್ತಾನೆ. ಪಾಂಚಾಳರು ಕೊಡುವುದಿಲ್ಲ. ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಗೆಲ್ಲುವವನು ಸಿದ್ಧಪ್ಪಾಜಿಯೇ.

ಕಬ್ಬಿಣ ಬೇಡಿದವನಿಗೆ ನಡೆದುಕೊಳ್ಳುವ ಒಕ್ಕಲುಗಳಿರುವ ಸೀಮೆ ನಮ್ಮದು. ಹಾಗಾಗಿ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ನಾನೊಬ್ಬ ಗುಜರಿ ಅಂಗಡಿಗಳ ಮುಂದೆ ಕಬ್ಬಿಣ ಕೇಳಿಕೊಂಡು ತಿರುಗಿದರೆ ಯಾರೂ ನಗಲಾರರು ಅಂದುಕೊಂಡಿದ್ದೆ. ನಗುತ್ತಾರೆ. ಪಿಂಚಣಿ ಬರುವವನಿಗೆ ಈ ಹಳೇ ಕಂಬಿ ಯಾಕೆ ಅಂತ ಕೇಳುತ್ತಾರೆ. ಆ ಕಂಬಿಯಲ್ಲಿ ಬಸವನಹುಳು ಮಾಡುತ್ತೇನೆ, ಹಾವು ಮಾಡುತ್ತೇನೆ, ಕೈ ಕೂಡಿಬಂದ ದಿನ ಎತ್ತನ್ನೂ ಮಾಡುತ್ತೇನೆ. ಇವತ್ತಿನ ಮಾತು ಆ ಹವ್ಯಾಸದ್ದು.

ನನ್ನದೇ ಕುಲುಮೆ ಏನೂ ಇಲ್ಲ. ನಮ್ಮ ಹೊಸ ಅಗ್ರಹಾರದ ಕಡೆ ಇನ್ನೂ ಬೆಂಕಿ ಆರದೆ ಉಳಿದಿರುವ ಕುಲುಮೆಗಳು ಕಡಿಮೆ. ಅಂಥ ಒಂದರಲ್ಲಿ, ಅಲ್ಲಿನ ಕಮ್ಮಾರ ಆಚಾರ್ರ ದಿನದ ಕೆಲಸ ಮುಗಿದ ಮೇಲೆ ಸಂಜೆ ಹೋಗಿ ಕೂರುತ್ತೇನೆ. ಇದ್ದಲಿನ ದುಡ್ಡು ನನ್ನದು, ಅವರ ಹೊತ್ತಿಗೂ ಲೆಕ್ಕವುಂಟು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ, ಯಾಕೆಂದರೆ ನಮ್ಮಂಥವರು ಹವ್ಯಾಸ ಎಂದು ಕರೆಯುವ ಈ ಕೆಲಸ ಅವರ ಮನೆತನಕ್ಕೆ ಹೊಟ್ಟೆಪಾಡು. ಊರಿನ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ವರ್ಷವೆಲ್ಲ ಗುಳ ತಟ್ಟಿ, ಕುಡ್ಲಿಗೆ ಕಕ್ಕು ಹಾಕಿ, ಗಾಡಿಯ ಅಚ್ಚು ಸರಿಮಾಡಿ, ಸುಗ್ಗಿಯಲ್ಲಿ ಕಣದ ಹತ್ತಿರ ಬಂದು ತನ್ನ ಪಾಲಿನ ಆಯ ತೆಗೆದುಕೊಂಡು ಹೋಗುತ್ತಿದ್ದ. ತಿದಿ ಒತ್ತುತ್ತಿದ್ದವರು ಬಹುಪಾಲು ಆ ಮನೆಯ ಹೆಂಗಸರು. ಅವರ ಹೆಸರು ಯಾವ ಆಯದ ಲೆಕ್ಕದಲ್ಲೂ ಬರಲಿಲ್ಲ. ಈಗ ಉಳುವುದು ಟ್ರ್ಯಾಕ್ಟರು, ಕೊಯ್ಯುವುದು ಕಟಾವು ಯಂತ್ರ, ಮಚ್ಚು ಕುಡ್ಲು ಪೇಟೆಯಿಂದ ಸಿದ್ಧವಾಗಿ ಬರುತ್ತವೆ. ಆಚಾರ್ರ ಮಕ್ಕಳು ಗ್ಯಾರೇಜು, ಫ್ಯಾಕ್ಟರಿ ಅಂತ ಹೊರಟುಹೋದರು. ತಿದಿಯ ಜಾಗದಲ್ಲಿ ಕೈಯಲ್ಲಿ ತಿರುಗಿಸುವ ಬ್ಲೋಯರ್ ಬಂತು, ಆಮೇಲೆ ಕರೆಂಟಿನದು. ಅಡಿಗಲ್ಲಿನ ಪಕ್ಕದಲ್ಲಿ ರೈಲು ಕಂಬಿಯ ತುಂಡೊಂದು ಸೇರಿಕೊಂಡಿದೆ, ಸಣ್ಣ ಕೆಲಸಕ್ಕೆ ಅದೇ ವಾಸಿ. ಸುತ್ತಿಗೆ, ಚಮ್ಮಟಿಗೆ, ಇಕ್ಕಳ, ಉಳಿ ಮಾತ್ರ ಅವರ ತಾತನ ಕಾಲದಲ್ಲಿ ಇದ್ದ ಹಾಗೇ ಇವೆ.

ಮೊದಲು ಕಬ್ಬಿಣದ ವಿಚಾರ. ಗುಜರಿಯಲ್ಲಿ ಎಲ್ಲವೂ ಒಂದೇ ತುಕ್ಕಿನ ಬಣ್ಣದಲ್ಲಿ ಬಿದ್ದಿರುತ್ತದೆ, ಒಳಗಿನ ಜಾತಿ ಬೇರೆ ಬೇರೆ. ಕಿಟಕಿ ಸರಳು, ಗೇಟಿನ ಪಟ್ಟಿ ಮೆದು ಕಬ್ಬಿಣ. ಅದರಲ್ಲಿ ಇಂಗಾಲ ನೂರಕ್ಕೆ ಕಾಲು ಭಾಗವನ್ನೂ ಮೀರುವುದಿಲ್ಲ. ಹೇಳಿದ ಮಾತು ಕೇಳುತ್ತದೆ, ಹೊಸಬರು ಇದರಲ್ಲೇ ಕೈ ಇಡಬೇಕು. ಲಾರಿ ಪಟ್ಟಾದ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗದ ಮೇಲಿರುತ್ತದೆ. ಮಚ್ಚಿಗೆ ಅದೇ ಬೇಕು, ಆದರೆ ಎಳೆಯಲು ತೋಳಿನಲ್ಲಿ ಕಸುವಿರಬೇಕು. ಅರದ ಉಕ್ಕು ಇನ್ನೂ ಬಿರುಸು, ತಣ್ಣಗಿದ್ದಾಗ ಬಡಿದರೆ ಗಾಜು ಒಡೆದ ಸದ್ದಾಗಿ ತುಂಡಾಗುತ್ತದೆ. ಕಂಬಿಯ ತೂಕ ತಿಳಿಯಲು ಮೇಸ್ತ್ರಿಗಳ ಲೆಕ್ಕ ಒಂದಿದೆ: ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಮಿಲಿಮೀಟರಿನ ಕಂಬಿ ಮೀಟರಿಗೆ ಸುಮಾರು 890 ಗ್ರಾಂ. ಗುಜರಿಯವರು ತೂಗುವ ಮೊದಲೇ ಈ ಲೆಕ್ಕ ಹೇಳಿದರೆ ನಗುವುದು ಸ್ವಲ್ಪ ಕಡಿಮೆ ಮಾಡುತ್ತಾರೆ.

ಇನ್ನು ಬೆಂಕಿ. ಕುಲುಮೆ ಒಳಗೆ ಬಿಸಿಲು ಬೀಳಬಾರದು, ಯಾಕೆಂದರೆ ಅಲ್ಲಿ ಶಾಖವನ್ನು ಅಳೆಯುವುದು ಕಣ್ಣು. ಮಬ್ಬು ಕೆಂಪು ಅಂದರೆ ಸುಮಾರು 650 ಡಿಗ್ರಿ. ಚೆನ್ನಾಗಿ ಕೆಂಪಾದರೆ 800ರ ಹತ್ತಿರ. ಕಿತ್ತಳೆ ಬಣ್ಣಕ್ಕೆ 950, ಹಳದಿಗೆ 1100. ಅದಕ್ಕೂ ಮೀರಿ ಬಿಳಿಯಾಗಿ ಚಿಮ್ಮಲು ಶುರುವಾದರೆ ಕಬ್ಬಿಣವೇ ಉರಿಯುತ್ತಿದೆ ಎಂದರ್ಥ. ಆಲೆಮನೆಯಲ್ಲಿ ಪಾಕ ನೋಡುವವನು ಕೊಪ್ಪರಿಗೆಯಿಂದ ಕಣ್ಣು ತೆಗೆಯದ ಹಾಗೆ ಇಲ್ಲೂ ಕಣ್ಣು ತೆಗೆಯುವಂತಿಲ್ಲ. ನಾನು ಆತುರಪಟ್ಟು ಸುತ್ತಿಗೆ ಎತ್ತಿದಾಗಲೆಲ್ಲ ಆಚಾರ್ರು ಅನ್ನುವುದು ಒಂದೇ ಮಾತು: "ಮೇಷ್ಟ್ರೇ, ಕೆಂಪಿಗೆ ಬಡೀಬ್ಯಾಡಿ, ಹಳದಿಗೆ ಕಾಯಿರಿ. ಕೆಂಪಲ್ಲಿ ನೀವು ಸುಸ್ತಾಯ್ತೀರಿ, ಅದು ಸುಸ್ತಾಗಕಿಲ್ಲ." ಇನ್ನೊಂದು ಉಪಾಯವೂ ಅವರ ಹತ್ತಿರ ಇದೆ. ಹಾಳಾದ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ತಂತಿಗೆ ಕಟ್ಟಿ ನೇತುಹಾಕಿದ್ದಾರೆ. 770 ಡಿಗ್ರಿ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಎಳೆಯುವುದಿಲ್ಲ. ಎಳೆಯುವುದು ನಿಂತಿತು ಅಂದರೆ, ಇನ್ನು ತುಸು ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಮಚ್ಚಿಗೆ ಹದ ಹಾಕಬಹುದು. ರೇಡಿಯೊದಲ್ಲಿ ಕೂತು ರೇಡಿಯೊದ ಈ ಉಪಯೋಗ ಹೇಳುತ್ತಿದ್ದೇನೆ, ಆಕಾಶವಾಣಿಯವರು ಮನ್ನಿಸಬೇಕು.

ಪ್ರಾಣಿ ಮಾಡಲು ಹದ ಬೇಡ, ಅದು ಕತ್ತರಿಸಬೇಕಾಗಿಲ್ಲವಲ್ಲ. ಬೇಕಾದದ್ದು ನಾಲ್ಕೈದು ಬಗೆಯ ಪೆಟ್ಟು. ಚಾಚುವುದು, ಗುದ್ದಿ ದಪ್ಪ ಮಾಡುವುದು, ಬಗ್ಗಿಸುವುದು, ಸೀಳುವುದು, ತಿರುಚುವುದು. ಗುದ್ದಲಿಗೂ ಇವೇ ಪೆಟ್ಟು, ಗೂಬೆಗೂ ಇವೇ.

ಮೊದಲ ಪಾಠಕ್ಕೆ ಬಸವನಹುಳುವಿಗಿಂತ ಒಳ್ಳೆಯದು ಸಿಗಲಾರದು. ಗೇಣುದ್ದದ ಚೌಕ ಕಂಬಿ ತೆಗೆದುಕೊಳ್ಳಿ. ಒಂದು ತುದಿಯಿಂದ ಮುಕ್ಕಾಲು ಭಾಗವನ್ನು ತೆಳುವಾಗುತ್ತ ಹೋಗುವ ಹಾಗೆ ಚಾಚಿ. ಆ ತೆಳು ತುದಿಯಿಂದ ಹಿಡಿದು ಸುರುಳಿ ಸುತ್ತಿದರೆ ಚಿಪ್ಪು ಆಯಿತು. ಉಳಿದ ದಪ್ಪ ತುದಿಯನ್ನು ಉಳಿಯಿಂದ ಸೀಳಿ ಎರಡು ಕೊಂಬು ಎಬ್ಬಿಸಿ, ಅಡಿಭಾಗವನ್ನು ನೆಲಕ್ಕೆ ಕೂರುವಂತೆ ಚಪ್ಪಟೆ ಮಾಡಿ. ಬಸವನಹುಳು ತಪ್ಪಾಗುವುದು ಕಷ್ಟ. ಸುರುಳಿ ಓರೆಯಾದರೂ ಹುಳುವೇ, ಕೊಂಬು ಒಂದು ಉದ್ದವಾದರೂ ಹುಳುವೇ. ಮಕ್ಕಳು ಅದನ್ನು ಕಿತ್ತುಕೊಂಡು ಓಡುತ್ತಾರೆ.

ಎರಡನೆಯದು ಹಾವು. ಸವೆದ ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಡಬೇಕು, ಆಗ ಬಿರುಸು ಇಳಿಯುತ್ತದೆ. ಮರುದಿನ ಕಾಯಿಸಿ ಬಾಲದ ಕಡೆ ಚಾಚಿ, ಮೈಯನ್ನು ಅಡ್ಡಾದಿಡ್ಡಿ ಬಗ್ಗಿಸಿದರೆ, ಅರದ ಗೀರುಗಳೇ ಹಾವಿನ ಮೈ ಮೇಲಿನ ಹುರುಪೆಯಾಗಿ ಉಳಿಯುತ್ತವೆ. ಒಂದೇ ಎಚ್ಚರ: ಗೀರಿನ ಮೇಲೆ ನೇರ ಪೆಟ್ಟು ಬೀಳಬಾರದು, ಮರದ ಕೊಡತಿಯಲ್ಲಿ ಬಗ್ಗಿಸಬೇಕು. ಇದು ನಮ್ಮ ಆಚಾರ್ರು ಕಂಡುಹಿಡಿದದ್ದಲ್ಲ, ಲಾಳ ಕಟ್ಟುವ ಕುಲುಮೆಗಳಿರುವ ಎಷ್ಟೋ ದೇಶಗಳಲ್ಲಿ ಹಳೇ ಅರದ ಗತಿ ಹಾವೇ. ಆದರೆ ಹೆಡೆ ಅಗಲ ಮಾಡಿ ಅದಕ್ಕೆ ನಾಗರ ಕಳೆ ತಂದದ್ದು ಅವರ ಕೈ. ಮುಗಿದ ಮೇಲೆ ಅದನ್ನು ಕುಲುಮೆಯ ಮೂಲೆಯಲ್ಲಿ ಇಟ್ಟು ಮೂರು ಬೆರಳು ಕುಂಕುಮ ಹಚ್ಚಿದರು. ನನ್ನ ಅಲಂಕಾರದ ವಸ್ತು ಅಲ್ಲಿಗೆ ದೇವರಾಯಿತು, ಮನೆಗೆ ತರಲಾಗಲಿಲ್ಲ.

ಹಾಗೆ ನೋಡಿದರೆ ಲೋಹದ ಪ್ರಾಣಿ ನಮ್ಮ ಸೀಮೆಗೆ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದವರೆಲ್ಲ ಬುದ್ಧನ ದೊಡ್ಡ ಮೂರ್ತಿ ನೋಡಿ ಬರುತ್ತಾರೆ. ಇನ್ನೊಮ್ಮೆ ಹೋದಾಗ ತಲೆ ಎತ್ತಿ ಮಾಡಿನ ಕಡೆ ನೋಡಿ. ಟಿಬೆಟಿನವರ ಮಠಗಳ ನೆತ್ತಿಯಲ್ಲಿ ಧರ್ಮಚಕ್ರ, ಅದರ ಎಡಬಲಕ್ಕೆ ಮಂಡಿಯೂರಿ ಕೂತ ಎರಡು ಜಿಂಕೆ. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮೊದಲು ಉಪದೇಶ ಮಾಡಿದ ನೆನಪಿಗೆ ಅವನ್ನು ಕೂರಿಸುತ್ತಾರೆ. ಎರಕದ ಮೂರ್ತಿ ಅಷ್ಟೆತ್ತರಕ್ಕೆ ಭಾರ. ಹಾಗಾಗಿ ತಾಮ್ರದ ತಗಡನ್ನು ಹಿಂದಿನಿಂದ ತಟ್ಟಿ ತಟ್ಟಿ ಉಬ್ಬಿಸಿ, ಮುಂದಿನಿಂದ ಗೀರು ತಿದ್ದಿ, ಚಿನ್ನದ ನೀರು ಹಾಕುವುದು ಅವರ ಹಳೆಯ ಪದ್ಧತಿ. ಒಳಗೆಲ್ಲ ಟೊಳ್ಳು, ಹೊರಗೆ ತುಂಬಿದ ಜಿಂಕೆ. 1960ರ ಹೊತ್ತಿಗೆ ಹಿಮದ ನಾಡಿನಿಂದ ಬಂದು ಇಲ್ಲಿನ ಕಾಡಂಚಿನಲ್ಲಿ ಬೀಡುಬಿಟ್ಟವರು ತಂದ ಕಸುಬು ಅದು. ಹತ್ತಿರದ ನಾಗರಹೊಳೆಯಲ್ಲಿ ಜಿಂಕೆಗೆ ಬರವಿಲ್ಲದ್ದು ಬೇರೆ ಮಾತು.

ಹುಲಿ ಇನ್ನೂ ಹಳೆಯದು. 1800ರಲ್ಲಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಪಿರಿಯಾಪಟ್ಟಣದ ಪಾಳುಬಿದ್ದ ಕೋಟೆ ಹುಲಿಗಳ ಪಾಲಾಗಿದೆ ಎಂದು ಬರೆದಿಟ್ಟಿದ್ದಾನೆ. ಅದೇ ಮನುಷ್ಯ ಮೈಸೂರು ಸೀಮೆಯ ಉಕ್ಕಿನ ಒಲೆಗಳನ್ನೂ ಕಂಡ. ಸಣ್ಣ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕಾಸುತ್ತಿದ್ದ ಬಗೆಯನ್ನು ವಿವರವಾಗಿ ಬರೆದ. ಲೋಹದ ಹುಲಿಯ ಮಾತಿಗೆ ಬಂದರೆ, ಟಿಪ್ಪು ಸುಲ್ತಾನ ತನ್ನ ಕಂಚಿನ ಫಿರಂಗಿಗಳ ಬಾಯಿಗೆ ಹುಲಿಯ ಮುಖ ಎರಕ ಹೊಯ್ಯಿಸಿದ. ಗುಂಡು ಹೊರಡುವುದು ಹುಲಿಯ ಬಾಯಿಂದ. ಅವು ಈಗ ಬ್ರಿಟನ್ನಿನ ಕೋಟೆ, ವಸ್ತುಸಂಗ್ರಹಾಲಯಗಳಲ್ಲಿ ಬಾಯಿ ತೆರೆದುಕೊಂಡು ಕೂತಿವೆ. ಮೈಸೂರು ಅರಮನೆಯ ಹುಲ್ಲುಹಾಸಿನಲ್ಲಿ ನಾವೆಲ್ಲ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಕಂಚಿನ ಹುಲಿಗಳನ್ನು 1909ರ ಸುಮಾರಿಗೆ ಮಾಡಿದವನು ವಿಲಿಯಂ ರಾಬರ್ಟ್ ಕೋಲ್ಟನ್ ಎಂಬ ಇಂಗ್ಲೆಂಡಿನ ಶಿಲ್ಪಿ. ಚೆನ್ನಾಗಿವೆ, ಒಪ್ಪುತ್ತೇನೆ. ಎರಕದಲ್ಲಿ ಪಟ್ಟೆ ತೋರಿಸಲಾಗದ ಕಡೆ ಅವನು ಹೆಗಲಿನ ಮೂಳೆಯನ್ನು ತೋರಿಸಿದ, ಅದೇ ಆ ಹುಲಿಗಳ ನಡಿಗೆ. ಕುಲುಮೆಯಲ್ಲಿ ಹುಲಿ ಮಾಡುವವರಿಗೂ ಇದೇ ಸಲಹೆ. ಪಟ್ಟೆ ಕೊರೆಯುತ್ತ ಕೂರಬೇಡಿ, ತಲೆಯನ್ನು ಹೆಗಲಿಗಿಂತ ತಗ್ಗಿಸಿ.

ಆನೆಗೆ ಬಂದರೆ ಅಂಗಡಿಗಳಲ್ಲಿ ಸಿಗುವ ಅಲಂಕಾರದ ಆನೆಗಳ ಮೇಲೆ ನನ್ನದೊಂದು ತಕರಾರಿದೆ. ಅರ್ಧಕ್ಕರ್ಧ ಆಫ್ರಿಕದ ಆನೆಗಳು! ಮೊರದಷ್ಟು ಕಿವಿ, ನಡುವೆ ತಗ್ಗಿದ ಬೆನ್ನು. ನಮ್ಮ ಆನೆಯ ಬೆನ್ನು ಮೇಲಕ್ಕೆ ಉಬ್ಬಿರುತ್ತದೆ, ನೆತ್ತಿಯಲ್ಲಿ ಎರಡು ದಿಬ್ಬ, ಕಿವಿ ಚಿಕ್ಕದು, ಸೊಂಡಿಲ ತುದಿಗೆ ಒಂದೇ ಬೆರಳು. ಇದನ್ನು ಕಲಿಯಲು ಪುಸ್ತಕ ಬೇಕಿಲ್ಲ. ದಸರೆಯ ಗಜಪಯಣ ಹೊರಡುವುದೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಎಚ್.ಡಿ. ಕೋಟೆಯ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ಚಿನ್ನದ ಅಂಬಾರಿ ಹೊತ್ತಿದ್ದನ್ನು ಕಂಡವರು ನಾವು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯ ಜೊತೆಗಿನ ಕಾಳಗದಲ್ಲಿ ಅವನು ಸತ್ತಾಗ ಈ ತಾಲ್ಲೂಕುಗಳಲ್ಲಿ ಮನೆಯವರು ಹೋದ ಹಾಗೆ ಅತ್ತವರಿದ್ದಾರೆ. ಮಾವುತರನ್ನೂ ಕಾವಾಡಿಗಳನ್ನೂ ಕೇಳಿದರೆ ಆನೆಯ ನಿಲುವನ್ನು ನಿಮಿಷದಲ್ಲಿ ವಿವರಿಸುತ್ತಾರೆ. ಮುಂಗಾಲಿಗೆ ಸಾಮಾನ್ಯವಾಗಿ ಐದು ಉಗುರು, ಹಿಂಗಾಲಿಗೆ ನಾಲ್ಕು ಎಂಬುದು ನನಗೆ ಅವರಿಂದ ತಿಳಿದದ್ದು. ಸವೆದ ಸನಿಕೆಯ ತಗಡಿನಲ್ಲಿ ಕಿವಿ, ಗಾಡಿ ಅಚ್ಚಿನ ತುಂಡು ಚಾಚಿ ಸೊಂಡಿಲು. ಸೊಂಡಿಲನ್ನು ಬಗ್ಗಿಸುವಾಗ ಬುಡ ದಪ್ಪ, ತುದಿ ತೆಳು ಇರುವುದರಿಂದ ತುದಿ ಬೇಗ ಕಾದು ಬೇಗ ಬಾಗುತ್ತದೆ. ಬುಡವೂ ಅಷ್ಟೇ ಬಾಗಲಿ ಅಂದರೆ ತುದಿಯ ಮೇಲೆ ನೀರು ಚಿಮುಕಿಸಿ ತಣಿಸಿಕೊಳ್ಳಬೇಕು.

ಈಗಿನ ಫ್ಯಾಷನ್ ಒಂದಿದೆ. ನಟ್ಟು, ಬೋಲ್ಟು, ಬೇರಿಂಗು, ಸೈಕಲ್ ಚೈನು ಎಲ್ಲವನ್ನೂ ವೆಲ್ಡಿಂಗ್ ಮಾಡಿ ಗುಡ್ಡೆ ಹಾಕಿ ಅದಕ್ಕೆ ಸಿಂಹ, ಹದ್ದು, ಕುದುರೆ ಅಂತ ಹೆಸರಿಡುವುದು. ವೃತ್ತಗಳಲ್ಲಿ, ರೆಸಾರ್ಟುಗಳ ಬಾಗಿಲಲ್ಲಿ ಅವು ನಿಂತಿರುತ್ತವೆ. ಒಳ್ಳೆಯವೂ ಇವೆ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಬಾರ್ ಜೋಡಿಸಿ ಹೋರಿಯ ತಲೆ ಮಾಡಿದ. ಎರಡೇ ವಸ್ತು! ಅದರ ಹಿಂದೆ ಒಂದು ಕಥೆ ಇದೆ. ಪಿಕಾಸೊಗೆ ಕಬ್ಬಿಣದ ಕೆಲಸದಲ್ಲಿ ಕೈ ಹಿಡಿದು ನಡೆಸಿದವನು ಹೂಲಿಯೊ ಗೊನ್ಸಾಲೆಸ್, ಬಾರ್ಸಿಲೋನಾದ ಲೋಹಗೆಲಸದ ಮನೆತನದವನು. ಕುಲುಮೆಯಲ್ಲಿ ಬೆಳೆದು, ಪ್ಯಾರಿಸಿನ ಹತ್ತಿರ ರೆನೋ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತು, ಆಮೇಲೆ ಶಿಲ್ಪಿಯಾದ. ಅವನಂಥವನ ಒಡನಾಟ ಇದ್ದವನಿಗೆ ಎರಡು ವಸ್ತು ಸಾಕಾಯಿತು. ನಮ್ಮಲ್ಲಿ ಇನ್ನೂರು ವಸ್ತು ಅಂಟಿಸಿದರೂ ಕುದುರೆ ಓಡುವುದಿಲ್ಲ. ಅದರಲ್ಲಿ ಕಾಣುವುದು ಬೋಲ್ಟೇ. ಛತ್ತೀಸ್‌ಗಢದ ಕೊಂಡಗಾಂವ್ ಕಡೆಯ ಕಮ್ಮಾರರ ಜಿಂಕೆ, ಕುದುರೆಗಳನ್ನು ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಕಡ್ಡಿಯಷ್ಟು ಸಣಕಲು ಮೈ, ಆದರೆ ಕತ್ತು ತಿರುಗಿಸಿದ ರೀತಿಯಲ್ಲಿ ಜೀವ ಇದೆ. ಹುಲ್ಲೆ ಬೆದರಿದಾಗ ಕತ್ತು ಹೇಗಿರುತ್ತದೆ ಎಂದು ಬಲ್ಲವರು ಬಡಿದದ್ದು ಅದು. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ವಯನಾಡಿಗೆ ಹೋದರೆ ಊರಾಳಿ ಕುರುಮರಿದ್ದಾರೆ. ಬುಟ್ಟಿ, ಮಡಕೆ, ಕಮ್ಮಾರಿಕೆ ಮೂರೂ ಒಂದೇ ಸಮುದಾಯದ ಕೈಯಲ್ಲಿ. ಕಾಡು, ಪ್ರಾಣಿ, ಕುಲುಮೆ ಇವು ಒಂದಕ್ಕೊಂದು ಹತ್ತಿರವಿದ್ದ ಕಡೆ ಇಂಥ ಕೆಲಸ ಹುಟ್ಟುತ್ತದೆ ಎಂಬುದು ನನ್ನ ಎಣಿಕೆ. ನಮ್ಮ ಸೀಮೆಯಲ್ಲಿ ಮೂರೂ ಇನ್ನೂ ಉಳಿದಿವೆ, ಆದರೆ ಒಂದನ್ನೊಂದು ಮಾತಾಡಿಸುವುದು ಬಿಟ್ಟಿವೆ.

ಹುಣಸೂರಿನ ಮಾತು ಬಾರದೆ ಕಬ್ಬಿಣದ ಮಾತು ಮುಗಿಯುವುದಿಲ್ಲ. ಹುಣಸೂರು ಅಮೃತಮಹಲ್ ದನಗಳ ಮುಖ್ಯ ಠಾಣೆಯಾಗಿತ್ತು. ಕಂಪನಿ ಸರ್ಕಾರದ ಕಾಲದಲ್ಲಿ ಅಲ್ಲಿ ಚರ್ಮ ಹದ ಮಾಡುವ, ಕಂಬಳಿ ನೇಯುವ ಕಾರ್ಖಾನೆಗಳೂ ಮರದ ಡಿಪೊವೂ ಇದ್ದವು. 1864ರಲ್ಲಿ ಅವನ್ನು ಮುಚ್ಚಿದರು, ಆದರೆ ಕಸುಬು ಕಲಿತ ಕೈಗಳು ಅಲ್ಲೇ ಉಳಿದವು, ಗಾಡಿ ಕಟ್ಟುವುದು ಊರಿನ ದೊಡ್ಡ ಉದ್ಯೋಗವಾಯಿತು. ಗಾಡಿ ಚಕ್ರಕ್ಕೆ ಪಟ್ಟಾ ಹಾಕುವುದನ್ನು ನೋಡಿದವರು ಮರೆಯಲಾರರು. ಐದಡಿ ಎತ್ತರದ ಚಕ್ರದ ಸುತ್ತಳತೆ ಸುಮಾರು 4.8 ಮೀಟರ್. ಪಟ್ಟಾವನ್ನು ಅದಕ್ಕಿಂತ ಚೂರು ಚಿಕ್ಕದಾಗಿಯೇ ಬಳೆ ಮಾಡಿರುತ್ತಾರೆ. ಬೆರಣಿ ಉರಿಯಲ್ಲಿ 500 ಡಿಗ್ರಿಯಷ್ಟು ಕಾದರೆ ಆ ಬಳೆ ಸುಮಾರು 3 ಸೆಂಟಿಮೀಟರ್ ಹಿಗ್ಗುತ್ತದೆ. ಮೂವರು ಇಕ್ಕಳದಲ್ಲಿ ಹಿಡಿದು ತಂದು ಚಕ್ರಕ್ಕೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಮರದ ಎಲ್ಲ ಸಂದನ್ನೂ ಬಿಗಿದು ಹಿಡಿಯುತ್ತದೆ, ಕೀಲುಗಳು ಟಕ್ ಟಕ್ ಎಂದು ಕೂರುವ ಸದ್ದು ಕೇಳುತ್ತದೆ. ಶಾಲೆಯಲ್ಲಿ ಉಷ್ಣದಿಂದ ಹಿಗ್ಗುವ ಪಾಠವನ್ನು ಚೆಂಡು ಮತ್ತು ಬಳೆ ಇಟ್ಟುಕೊಂಡು ವರ್ಷಗಟ್ಟಲೆ ಮಾಡಿದವನು ನಾನು. ಆ ಚೆಂಡು ಬಳೆಯನ್ನು ಕಪಾಟಿನಲ್ಲಿಟ್ಟು ಮಕ್ಕಳನ್ನು ಗಾಡಿ ಕಟ್ಟುವ ಅಂಗಳಕ್ಕೆ ಕರೆದೊಯ್ದಿದ್ದರೆ ಸಾಕಾಗಿತ್ತು.

ಆ ಹಳೇ ಪಟ್ಟಾಗಳು ಈಗ ಗುಜರಿಯಲ್ಲಿ ಸಿಗುತ್ತವೆ. ಎತ್ತು ಮಾಡಲು ಅವೇ ಸರಿ, ಹಳೇ ನೇಗಿಲ ಗುಳವೂ ಆದೀತು. ಎತ್ತಿನ ಹೆಜ್ಜೆಯಲ್ಲೇ ಸವೆದ ಕಬ್ಬಿಣ ಎತ್ತಾಗುವುದು ನ್ಯಾಯವೇ. ಗೇಣುದ್ದದ ತುಂಡಿನ ಒಂದು ತುದಿಯನ್ನು ನಡುವೆ ಸೀಳಿದರೆ ಹಿಂಗಾಲು ಎರಡು. ಇನ್ನೊಂದು ತುದಿಯನ್ನು ಮೂರಾಗಿ ಸೀಳಿ, ಅಕ್ಕಪಕ್ಕದ್ದನ್ನು ಮುಂಗಾಲಾಗಿ ಇಳಿಸಿ, ನಡುವಿನದನ್ನು ಎಬ್ಬಿಸಿ ಕತ್ತು, ತಲೆ ಮಾಡಬೇಕು. ಸೀಳುವ ಮೊದಲೇ ಹೆಗಲಿನ ಜಾಗವನ್ನು ಮಾತ್ರ ಕಾಯಿಸಿ ಎರಡೂ ತುದಿಯಿಂದ ಗುದ್ದಿದರೆ ಅಲ್ಲಿ ಕಬ್ಬಿಣ ದಪ್ಪ ಕಟ್ಟುತ್ತದೆ, ಅದು ಹಿಣಿಲು. ಹಿಣಿಲಿಲ್ಲದ ಎತ್ತು ಸೀಮೆಹಸು ಆಗಿಬಿಡುತ್ತದೆ. ಕೊಂಬು ಕೊನೆಯ ಕೆಲಸ, ಅತ್ಯಂತ ಕಷ್ಟದ್ದೂ ಅದೇ. ತೆಳುವಾದದ್ದು ಬೆಂಕಿಯ ನಡುವೆ ಕ್ಷಣದಲ್ಲಿ ಉರಿದುಹೋಗುತ್ತದೆ, ಅಂಚಿನಲ್ಲಿಟ್ಟು ಕಾಯಿಸಬೇಕು. ಹಳ್ಳಿಕಾರ್ ಎತ್ತಿನ ಕೊಂಬು ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ, ತುದಿಯಲ್ಲಿ ಮುಂದಕ್ಕೆ ತಿರುಗುತ್ತದೆ. ಅದನ್ನು ಬರೀ ಅರ್ಧಚಂದ್ರ ಮಾಡಿಟ್ಟರೆ ಪೇಟೆಯವರು ಮೆಚ್ಚಬಹುದು, ನಮ್ಮ ಗೌಡರುಗಳು ಮೆಚ್ಚುವುದಿಲ್ಲ.

ಮೆರುಗಿಗೆ ಬಣ್ಣ ಬೇಡ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಕೈ ಹಿಡಿಯಲಾಗದಷ್ಟು ಬಿಸಿ ಇರುವಾಗಲೇ ಜೇನುಮೇಣ ಸವರಿದರೆ ಹೊಗೆಯಾಡಿ ಕಪ್ಪಗೆ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ತುಕ್ಕು ಇಣುಕಿದರೆ ಮತ್ತೆ ಉಜ್ಜಿ ಸವರುವುದು.

ಹೊಸದಾಗಿ ಕೈ ಹಾಕುವವರಿಗೆ ನಾಲ್ಕು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಜಿಐ ಪೈಪು, ಸತು ಬಳಿದ ತಗಡು ಬೆಂಕಿಗೆ ಹಾಕಬೇಡಿ. ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ತಂಬಾಕು ಎಲೆ ಒಣಗಿಸುವ ಬ್ಯಾರನ್‌ಗಳಿಂದ ಕಳಚಿದ ತಗಡಿನ ಕೊಳವೆಗಳು ನಮ್ಮ ಕಡೆ ಅಗ್ಗಕ್ಕೆ ಸಿಗುತ್ತವೆ, ನವಿಲಿನ ಗರಿಗೆ ಚೆನ್ನ, ಆದರೆ ಯಾವ ತಗಡು ಎಂದು ನೋಡಿಕೊಂಡೇ ಕಾಯಿಸಿ. ಎರಡೂ ಬಾಯಿ ಮುಚ್ಚಿದ ಕೊಳವೆ, ಬೈಕಿನ ಶಾಕ್ ಅಬ್ಸಾರ್ಬರ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ನೈಲಾನ್ ಬಟ್ಟೆ ಬೇಡ, ಹತ್ತಿಯದು ಹಾಕಿ, ಕಣ್ಣಿಗೆ ಕನ್ನಡಕವಿರಲಿ. ಕೆಂಪು ಕಬ್ಬಿಣವನ್ನು ಯಾರೂ ಮುಟ್ಟುವುದಿಲ್ಲ. ಸುಡುವುದು ಕೆಂಪಾರಿ ಕಪ್ಪಾದದ್ದು. ನೋಡಲು ತಣ್ಣಗಿರುತ್ತದೆ, ಒಳಗೆ 400 ಡಿಗ್ರಿ.

ಇದರಿಂದ ದುಡ್ಡಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ತಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿಯ ನೆರವು, ಕಡಿಮೆ ಬಡ್ಡಿಯ ಸಾಲ ಉಂಟು. ಉಪಕರಣ ಬಂದರೆ ಒಳ್ಳೆಯದೇ. ಆದರೆ ಅಲಂಕಾರದ ಪ್ರಾಣಿಗಳಿಂದ ಹಳ್ಳಿಯ ಕುಲುಮೆ ಉಳಿಯುತ್ತದೆ ಎಂದು ನಾನು ನಂಬುವುದಿಲ್ಲ. ಕಬಿನಿ ಕಡೆಯ ರೆಸಾರ್ಟಿಗೆ ವರ್ಷಕ್ಕೆ ಹತ್ತು ಆನೆ ಹೋಗಬಹುದು, ಅಷ್ಟರಿಂದ ಒಲೆ ಉರಿಯದು. ಕುಲುಮೆ ಉಳಿದಿರುವುದು ಇನ್ನೂ ಮಚ್ಚಿಗೆ ಹದ ಹಾಕಿಸಿಕೊಳ್ಳಲು ಬರುವ ನಾಲ್ಕು ಜನರಿಂದ. ಹವ್ಯಾಸಿಗಳು ಮಾಡಬಹುದಾದದ್ದು ಇಷ್ಟೇ: ಪೇಟೆಯಲ್ಲಿ ಗ್ಯಾಸಿನ ಕುಲುಮೆ ಕೊಂಡು ತಂದು ಒಬ್ಬರೇ ಬಡಿಯುತ್ತ ಕೂರುವ ಬದಲು, ಹತ್ತಿರದ ಆಚಾರ್ರ ಬಳಿ ಕಾಸು ಕೊಟ್ಟು ಕಲಿಯುವುದು. ಹಳ್ಳಿಯ ಕುಲುಮೆ ಜನ ಕೂಡುವ ಜಾಗ. ಎತ್ತು, ಎಮ್ಮೆ, ಹಂದಿ, ಕಾಟಿ ಎಲ್ಲವನ್ನೂ ಅರೆದು ಕುಡಿದ ಜನ ಅಲ್ಲಿ ಬೀಡಿ ಸೇದುತ್ತ ಕೂತಿರುತ್ತಾರೆ, ನಿಮ್ಮ ಕಬ್ಬಿಣದ ಪ್ರಾಣಿಯ ಕಾಲು ಯಾಕೆ ಸರಿಯಿಲ್ಲ ಎಂದು ಬಿಟ್ಟಿಯಾಗಿ ಹೇಳುತ್ತಾರೆ.

ಸಂಕ್ರಾಂತಿ ಆಸುಪಾಸಿನ ಚುಂಚನಕಟ್ಟೆ ಜಾತ್ರೆಗೆ ಆಚಾರ್ರು ಕುಡ್ಲು, ಮಚ್ಚು ಮಾರಲು ಹೊರಟಾಗ ನನ್ನ ಎತ್ತನ್ನೂ ಚೀಲಕ್ಕೆ ಹಾಕಿಕೊಂಡರು, ನಾನೂ ಹಿಂದೆ ಹೋದೆ. ಅಲ್ಲಿ ದನ ಕಟ್ಟುವ ಸಾಲುಗಳಲ್ಲಿ ಕೊಂಬಿಗೆ ಹಿತ್ತಾಳೆ ಅಣಸು ಮೆರೆಸಿಕೊಂಡ ಹಳ್ಳಿಕಾರ್ ಜೋಡಿಗಳು. ಒಂದು ಕಡೆ ಎತ್ತನ್ನು ಕೆಡವಿ ಲಾಳ ಕಟ್ಟುತ್ತಿದ್ದರು, ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಎಂಟು ಲಾಳ. ಅದರ ಪಕ್ಕದಲ್ಲೇ ನಮ್ಮ ಗೋಣಿಚೀಲದ ಅಂಗಡಿ. ಮಚ್ಚು ನೋಡಲು ಬಂದ ವಯಸ್ಸಾದ ಗೌಡರೊಬ್ಬರು ಎತ್ತನ್ನು ಕಂಡು ಕುಕ್ಕರಗಾಲಲ್ಲಿ ಕೂತರು. ಎತ್ತಿ ನೋಡಿದರು, ತಿರುಗಿಸಿ ನೋಡಿದರು, ಹಿಣಿಲ ಮೇಲೆ ಬೆರಳಾಡಿಸಿದರು.

"ಕೊಂಬು ವೈನಾಗದೆ. ಸುಳಿ ಎಲ್ಲಿ ಆಚಾರ್ರೇ?"

"ಸುಳಿ ಸುದ್ದ ಐತೆ ಗೌಡ್ರೇ, ತುಕ್ಕಲ್ಲಿ ಮುಚ್ಚೋಗದೆ ಅಷ್ಟೇಯ."

"ಹಲ್ಲೆಷ್ಟು?"

"ಇನ್ನೂ ಹಾಲ್ಹಲ್ಲು. ಉಳೋಕೊಂದು ಬರಕಿಲ್ಲ."

ಗೌಡರು ನಗಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಆಚಾರ್ರ ಕೈ ಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಶುರುಮಾಡಿದರು, ಪಕ್ಕದ ಸಾಲಿನಲ್ಲಿ ಜೋಡಿ ಎತ್ತಿಗೆ ನಡೆಯುತ್ತಿದ್ದ ಕ್ರಮದಲ್ಲೇ. ಆಚಾರ್ರು ತಲೆಯಾಡಿಸಿದರು, ಗೌಡರು ಇನ್ನೊಂದು ಬೆರಳು ಹಿಡಿದರು, ಮತ್ತೆ ತಲೆಯಾಟ. ಸುತ್ತ ಜನ ಕೂಡಿದರು, ದಳ್ಳಾಳಿಯೊಬ್ಬ ತನ್ನದೂ ಒಂದು ಮಾತಿರಲಿ ಎಂದು ಬಂದು ಬಗ್ಗಿದ. ಎತ್ತು ಮಾಡಿದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಟವಲಿನ ಕೆಳಗೆ ಎಷ್ಟಕ್ಕೆ ಮಾತಾಯಿತೆಂದು ಆಚಾರ್ರು ನನಗೆ ಇನ್ನೂ ಹೇಳಿಲ್ಲ. ಎತ್ತು ಗೌಡರ ಮನೆಯ ಟಿವಿ ಪಕ್ಕದಲ್ಲಿದೆ, ಕೊಂಬಿಗೆ ಹಿತ್ತಾಳೆ ಅಣಸು ಮಾಡಿಸಿ ಹಾಕಿದ್ದಾರಂತೆ.